ಹೊದಿಕೆ ಹಾಸಿಗೆಯಲ್ಲೇ ಇತ್ತು

ಅಂಬತ್ತೂರಿನಲ್ಲಿ ನಾವು ಕೆಲವು ಕನ್ನಡ ಕುಟುಂಬದವರು ಸೇರಿದಾಗಲೆಲ್ಲ ಮಾತು ಈಗ ಮಕ್ಕಳ ವೀಸಾ, ಬ್ಯಾಂಕ್ ಸಾಲಗಳ ಕಡೆಗೆ ಹೊರಳುತ್ತದೆ. ಆಗ ನಮಗೆ ನೆನಪಾಗುವವರು ಈ ನಗರದ ಬಂದರಿನಿಂದಲೇ ಓದಲು ಹೊರಟ ಒಬ್ಬ ಗುಮಾಸ್ತರು.

1912ರಲ್ಲಿ ಮದರಾಸು ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗ ಸೇರಿದ ಶ್ರೀನಿವಾಸ ರಾಮಾನುಜನ್ನರ ಸಂಬಳ ತಿಂಗಳಿಗೆ 30 ರೂಪಾಯಿ. ಕಡತಗಳ ನಡುವೆಯೇ ಬದುಕುವ ನಮಗೆ ಆ ಮೇಜು ಅಪರಿಚಿತವಲ್ಲ. ಅವರ ಸೂತ್ರಗಳ ಆಳವನ್ನು ಅಳೆಯಬಲ್ಲವರು ಇಲ್ಲಿ ವಿರಳ. ಕೇಂಬ್ರಿಜ್‌ನಲ್ಲಿ ಹಾರ್ಡಿ ಇದ್ದರು. ತನ್ನ ವಿದ್ಯೆಯನ್ನು ಅರಿಯುವ ಒಬ್ಬರು ಅಲ್ಲಿದ್ದಾರೆಂಬುದೇ ಪರದೇಶದ ನಿಜವಾದ ಸೆಳೆತ. ಸಮುದ್ರ ದಾಟಬಾರದೆಂಬ ಕಟ್ಟುಪಾಡಿಗೆ ಮೊದಲು ಹಿಂಜರಿದಿದ್ದ ಅವರು 1914ರ ಮಾರ್ಚ್ 17ರಂದು ಹಡಗು ಹತ್ತಿದರು.

ಹಣದ ಕಷ್ಟ ಅವರಿಗೆ ಇರಲಿಲ್ಲ. ಮದರಾಸು ವಿಶ್ವವಿದ್ಯಾನಿಲಯ ವರ್ಷಕ್ಕೆ 250 ಪೌಂಡು ಕೊಟ್ಟಿತು; ಅದರಲ್ಲಿ 50 ಪೌಂಡು ಊರಿನ ಮನೆಗೆ. ಟ್ರಿನಿಟಿ ಕಾಲೇಜು ಇನ್ನೂ 60 ಪೌಂಡು ಸೇರಿಸಿತು. ಕಷ್ಟ ಬೇರೆಡೆ ಇತ್ತು. ಶುದ್ಧ ಸಸ್ಯಾಹಾರಿಯಾದ ಅವರು ಕೋಣೆಯಲ್ಲಿ ತಾವೇ ಅಡುಗೆ ಮಾಡಿಕೊಳ್ಳಬೇಕಿತ್ತು. ಕೆಲವೇ ತಿಂಗಳಲ್ಲಿ ಮಹಾಯುದ್ಧ ಆರಂಭವಾಗಿ, ಬೇಕಾದ ಪದಾರ್ಥಗಳು ಸಿಗುವುದು ದುಸ್ತರವಾಯಿತು.

ಆಗ ಅಲ್ಲಿ ಓದುತ್ತಿದ್ದ ಮಹಲನೋಬಿಸ್ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ರಾಮಾನುಜನ್ ರಾತ್ರಿ ಓವರ್‌ಕೋಟು ತೊಟ್ಟು, ಶಾಲು ಹೊದ್ದು ಮಲಗಿದರೂ ಚಳಿಯಿಂದ ನಡುಗುತ್ತಿದ್ದರಂತೆ. ಹೋಗಿ ನೋಡಿದರೆ, ಕಂಬಳಿಗಳೆಲ್ಲ ಹಾಸಿಗೆಯ ಮೇಲೆಯೇ ಇದ್ದವು. ಅವುಗಳ ಅಂಚನ್ನು ಹಾಸಿಗೆಯಡಿ ಬಿಗಿಯಾಗಿ ಮಡಚಿ ಸಿಕ್ಕಿಸಿದ್ದರು. ಅವನ್ನು ಎತ್ತಿ ಒಳಗೆ ನುಸುಳಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ಅನಂತದ ಲೆಕ್ಕ ಬಲ್ಲವರಿಗೆ ಹಾಸಿಗೆಯ ರೀತಿ ಹೇಳಿಕೊಡುವವರು ಬೇಕಾಗಿತ್ತು.

1917ರಲ್ಲಿ ಆರೋಗ್ಯ ಕುಸಿಯಿತು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೊ ಗೌರವ ದೊರೆತಾಗ ಅವರು ರೋಗಿ. 1919ರಲ್ಲಿ ಮರಳಿದರು, 1920ರ ಏಪ್ರಿಲ್ 26ರಂದು, 32ನೆಯ ವಯಸ್ಸಿನಲ್ಲಿ, ಮದರಾಸಿನಲ್ಲೇ ತೀರಿಕೊಂಡರು.

ದೂರ ಎಲ್ಲರಿಗೂ ಒಂದೇ ಬಗೆಯದಲ್ಲ. ಅರ್ಧ ಶತಮಾನದ ಬಳಿಕ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದ ಯು.ಆರ್. ಅನಂತಮೂರ್ತಿ ಅಲ್ಲಿಯೇ ‘ಸಂಸ್ಕಾರ’ ಬರೆದರು. ಬಿಟ್ಟುಬಂದ ಅಗ್ರಹಾರ ಅಲ್ಲಿಂದ ಸ್ಪಷ್ಟವಾಗಿ ಕಂಡಿರಬೇಕು. ದೂರ ಕೊಡುವುದೂ ಉಂಟು, ಕಸಿಯುವುದೂ ಉಂಟು.

ಆದ್ದರಿಂದ ಹೊರಡುವ ಮಕ್ಕಳನ್ನು ನಾವು ತಡೆಯುವುದಿಲ್ಲ. ಅವರ ಪೆಟ್ಟಿಗೆಗೆ ಉಪ್ಪಿನಕಾಯಿ, ಚಟ್ನಿಪುಡಿ ತುಂಬುತ್ತೇವೆ. ಶುಲ್ಕ, ಬಡ್ಡಿಗಳ ಲೆಕ್ಕ ಹಾಕುತ್ತೇವೆ. ತಿಳಿಯದ್ದನ್ನು ಕೇಳುವುದಕ್ಕೆ ನಾಚಬೇಡ ಎಂಬ ಮಾತನ್ನು ಮಾತ್ರ ಮರೆತುಬಿಡುತ್ತೇವೆ. ಚಳಿಯಾಗುತ್ತಿದೆಯೆಂದು ಹೇಳಿಕೊಳ್ಳಲು ಅಲ್ಲಿ ಒಬ್ಬರಾದರೂ ಇದ್ದಾರೆಯೇ ಎಂಬುದನ್ನೂ ನಾವು ವಿಚಾರಿಸಬೇಕು.