ಕ್ಯಾಮೆರಾ ಕಂಡದ್ದು, ಕೋರ್ಟು ಒಪ್ಪಿದ್ದು

2003ರ ಡಿಸೆಂಬರ್ 3ರ ರಾತ್ರಿ. ಬೆಂಗಳೂರಿನ ವಿಮಾನಗಳು ಆಗಿನ್ನೂ ಎಚ್‌ಎಎಲ್ ನಿಲ್ದಾಣದಲ್ಲೇ ಇಳಿಯುತ್ತಿದ್ದವು. ಅಲ್ಲಿಗೆ ಸಮೀಪದ ರಿಂಗ್ ರಸ್ತೆಯಲ್ಲಿ, ವಿಮಾನ ಇಳಿಯುವುದನ್ನು ನೋಡಲೆಂದು ಜೋಡಿಯೊಂದು ನಿಂತಿತ್ತು. ಹುಡುಗ ಗಿರೀಶ್, ಸಾಫ್ಟ್‌ವೇರ್ ಎಂಜಿನಿಯರ್. ಹುಡುಗಿ ಶುಭಾ, ಬನಶಂಕರಿಯ ಕಾನೂನು ವಿದ್ಯಾರ್ಥಿನಿ. ಇಬ್ಬರಿಗೂ ನಿಶ್ಚಿತಾರ್ಥವಾಗಿ ಮೂರು ದಿನವಾಗಿತ್ತಷ್ಟೆ. ಹಿಂದಿನಿಂದ ಬಂದವನೊಬ್ಬ ಗಿರೀಶನ ತಲೆಗೆ ಹೊಡೆದು ಹೋದ. ಮರುದಿನ ಆಸ್ಪತ್ರೆಯಲ್ಲಿ ಗಿರೀಶ್ ತೀರಿಕೊಂಡರು.

ಮುಂದಿನ ಕತೆ ಓದುಗರಿಗೆ ನೆನಪಿರಬಹುದು. 2004ರ ಜನವರಿಯಲ್ಲಿ ಶುಭಾ ಮತ್ತು ಇನ್ನು ಮೂವರ ಬಂಧನ, 2010ರ ಜುಲೈನಲ್ಲಿ ನಾಲ್ವರಿಗೂ ಜೀವಾವಧಿ ಶಿಕ್ಷೆ, ಹೈಕೋರ್ಟಿನಲ್ಲೂ ಅದೇ ತೀರ್ಪು. 2025ರ ಜುಲೈ 14ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಎಂ.ಎಂ. ಸುಂದರೇಶ್ ಮತ್ತು ನ್ಯಾಯಮೂರ್ತಿ ಅರವಿಂದ ಕುಮಾರ್ ಅವರ ಪೀಠ ಶಿಕ್ಷೆಯನ್ನು ಎತ್ತಿಹಿಡಿಯಿತು. ಜೊತೆಗೆ, ಸಂವಿಧಾನದ 161ನೇ ವಿಧಿಯಡಿ ರಾಜ್ಯಪಾಲರಲ್ಲಿ ಕ್ಷಮೆ ಕೋರಲು ಎಂಟು ವಾರಗಳ ಕಾಲಾವಕಾಶವನ್ನೂ ನೀಡಿತು. ಏಟು ಬಿದ್ದ ರಾತ್ರಿಗೂ ಈ ಕೊನೆಯ ತೀರ್ಪಿಗೂ ನಡುವೆ ಇಪ್ಪತ್ತೊಂದು ವರ್ಷಗಳ ಮೇಲೆ ಏಳು ತಿಂಗಳು.

ನನಗಿಲ್ಲಿ ಮುಖ್ಯವಾದದ್ದು ಕೊಲೆಯ ಕತೆಯಲ್ಲ, ಸಾಕ್ಷ್ಯದ ಕತೆ. ಕೊಲೆ ನಡೆದ ಜಾಗದಲ್ಲಿ ಕ್ಯಾಮೆರಾ ಇರಲಿಲ್ಲ. ಆದರೆ ಒಂದು ವಿಡಿಯೋ ಇತ್ತು, ನಿಶ್ಚಿತಾರ್ಥದ್ದು. ತನಿಖೆ ದಾರಿ ಕಾಣದೆ ನಿಂತಿದ್ದಾಗ ಪೊಲೀಸರು ಅದನ್ನು ಹಾಕಿ ನೋಡಿದರೆಂದೂ, ಸಮಾರಂಭದುದ್ದಕ್ಕೂ ಹುಡುಗಿಯ ಮುಖದಲ್ಲಿ ಉತ್ಸಾಹ ಕಾಣದೆ ಅನುಮಾನಗೊಂಡರೆಂದೂ ಆಗಿನ ಪತ್ರಿಕೆಗಳು ಬರೆದವು. ಬನಶಂಕರಿ, ಜಯನಗರದ ಮನೆ ಮನೆಗಳಲ್ಲಿ ಅದೇ ಮಾತು. ಕೊಲೆಯನ್ನು ಹಿಡಿದುಕೊಟ್ಟದ್ದೇ ಆ ವಿಡಿಯೋ ಎಂದು ಇಂದಿಗೂ ನಂಬಿದವರಿದ್ದಾರೆ.

ಆದರೆ ನಿಶ್ಚಿತಾರ್ಥದ ದಿನ ಮುಖ ಬಾಡಿಸಿಕೊಂಡು ಕುಳಿತ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ತಲೆನೋವಿರಬಹುದು, ಸಂಕೋಚವಿರಬಹುದು, ಮದುವೆಯೇ ಬೇಡವಾಗಿರಬಹುದು. ಯಾವುದೂ ಅಪರಾಧವಲ್ಲ. ಆ ಚಿತ್ರ ಪೊಲೀಸರಿಗೆ ಎಲ್ಲಿ ಹುಡುಕಬೇಕೆಂದು ತೋರಿಸಿತು, ಅಷ್ಟೆ. ನ್ಯಾಯಾಲಯದಲ್ಲಿ ಭಾರ ಹೊತ್ತದ್ದು ಬೇರೆಯ ಸಂಗತಿಗಳು. ಆಕೆಗೆ ಈ ಮದುವೆ ಇಷ್ಟವಿರಲಿಲ್ಲ ಎಂಬ ಉದ್ದೇಶದ ಸಾಕ್ಷ್ಯ, ಆರೋಪಿಗಳ ನಡುವಿನ ಮೊಬೈಲ್ ಕರೆಗಳ ಪಟ್ಟಿ, ಘಟನೆಯ ಮುಂಚಿನ ಮತ್ತು ನಂತರದ ನಡವಳಿಕೆ. ತನಿಖೆಗೆ ಸುಳಿವು ಕೊಡುವುದು ಒಂದು, ತೀರ್ಪಿಗೆ ಆಧಾರವಾಗುವುದು ಇನ್ನೊಂದು. ಟೀವಿಯ ಮುಂದೆ ಕುಳಿತು ಕೊಲೆ ಮೊಕದ್ದಮೆಗಳನ್ನು ನಾವೇ ತೀರ್ಮಾನಿಸಿಬಿಡುವಾಗ ಮರೆಯುವುದು ಈ ವ್ಯತ್ಯಾಸವನ್ನೇ.

ವಾಹನದ ವಿಷಯದಲ್ಲೂ ಹೀಗೆಯೇ. ಕೆಎ-05 ಎಂದರೆ ಜಯನಗರದ ಆರ್‌ಟಿಓ ಎಂದು ದಕ್ಷಿಣ ಬೆಂಗಳೂರಿನ ಹುಡುಗರಿಗೂ ಗೊತ್ತು. 1988ರ ಮೋಟಾರು ವಾಹನ ಕಾಯ್ದೆ ಮರುವರ್ಷ ಜಾರಿಗೆ ಬಂದ ಮೇಲೆ ಈ ಕೆಎ ಅಕ್ಷರಗಳು ಬಂದವು. ಅದಕ್ಕೂ ಮುಂಚೆ ಎಂವೈ, ಸಿಎ ಎಂದು ಶುರುವಾಗುವ ಫಲಕಗಳಿದ್ದವು. ನಂಬರು ಸಿಕ್ಕರೆ ಮಾಲೀಕನ ಹೆಸರು ಸಿಗುತ್ತದೆ. ಆದರೆ ಮಾಲೀಕನೇ ಆ ಹೊತ್ತಿನಲ್ಲಿ ಗಾಡಿ ಓಡಿಸುತ್ತಿದ್ದನೆಂದು ನಂಬರು ಹೇಳುವುದಿಲ್ಲ. ಗಾಡಿಯನ್ನು ಸ್ನೇಹಿತ ಒಯ್ದಿರಬಹುದು, ಕಳ್ಳ ಒಯ್ದಿರಬಹುದು, ಫಲಕವೇ ಸುಳ್ಳಿರಬಹುದು.

ಗಾಡಿ ಸಿಕ್ಕಿತೆಂಬುದೂ ಸ್ವತಃ ದೊಡ್ಡ ಪುರಾವೆಯಲ್ಲ. 'ಆರೋಪಿ ತೋರಿಸಿದ ಜಾಗದಿಂದ ಕೃತ್ಯಕ್ಕೆ ಬಳಸಿದ ಬೈಕ್ ವಶ' ಎಂಬ ಸುದ್ದಿಯನ್ನು ನಾವು ವಾರಕ್ಕೊಮ್ಮೆಯಾದರೂ ಓದುತ್ತೇವೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗದು. ಆದರೆ ಆ ಹೇಳಿಕೆಯಿಂದ ಹೊಸದೇನಾದರೂ ಪತ್ತೆಯಾದರೆ ಅಷ್ಟು ಭಾಗ ಮಾತ್ರ ಸಲ್ಲುತ್ತದೆ. 1872ರ ಸಾಕ್ಷ್ಯ ಕಾಯ್ದೆಯ ಹೆಸರಾಂತ 27ನೇ ಕಲಮು ಇದು. ಎಷ್ಟು ಭಾಗ ಸಲ್ಲುತ್ತದೆ ಎಂಬುದನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1946ರಲ್ಲಿ, ಪುಲುಕುರಿ ಕೊಟ್ಟಯ್ಯ ಎಂಬ ತೆಲುಗು ಸೀಮೆಯ ಪ್ರಕರಣದಲ್ಲಿ ಬಿಡಿಸಿ ಹೇಳಿತು. ವಸ್ತು ಇಂಥಲ್ಲಿದೆ ಎಂದು ಆರೋಪಿಗೆ ಗೊತ್ತಿತ್ತು ಎಂಬುದಷ್ಟೇ ಪತ್ತೆಯಾದ ಸಂಗತಿ. ಅದರಿಂದಲೇ ಕೊಲೆಯಾಯಿತೆಂಬುದನ್ನು ಬೇರೆಯಾಗಿ ತೋರಿಸಬೇಕು. ಅಲ್ಲಿ ಭರ್ಜಿಗೆ ಹೇಳಿದ ಮಾತೇ ಇಲ್ಲಿ ಬೈಕಿಗೂ ಕಾರಿಗೂ ಅನ್ವಯ. ಹಾಗೆ ತೋರಿಸಬೇಕಾದರೆ ಸೀಟಿನ ಮೇಲಿನ ರಕ್ತ, ಸ್ಟೇರಿಂಗಿನ ಮೇಲಿನ ಬೆರಳಚ್ಚು, ಡಿಕ್ಕಿಯಲ್ಲಿ ಸಿಕ್ಕ ಕೂದಲು, ಟೈರಿಗೆ ಅಂಟಿದ ಮಣ್ಣು ಬೇಕು. ಬಿಟಿಎಂ ಲೇಔಟಿನ ಮಗ್ಗುಲಲ್ಲೇ ಇರುವ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ರಾಜ್ಯದ ಮೂಲೆಮೂಲೆಗಳಿಂದ ಮೊಹರು ಮಾಡಿದ ಪೊಟ್ಟಣಗಳು ಬರುವುದು ಇದಕ್ಕಾಗಿಯೇ.

ಕೆಲವೊಮ್ಮೆ ವಾಹನವೇ ಕೃತ್ಯದ ಸ್ಥಳಕ್ಕೆ ದಾರಿಯಾಗುವುದುಂಟು. 2005ರ ಡಿಸೆಂಬರಿನಲ್ಲಿ ರಾತ್ರಿ ಪಾಳಿಗೆಂದು ಕಂಪನಿಯ ಕ್ಯಾಬ್ ಹತ್ತಿದ ಕಾಲ್ ಸೆಂಟರ್ ಉದ್ಯೋಗಿಯೊಬ್ಬಳು ಕೊಲೆಯಾದಾಗ ಇಡೀ ನಗರ ಬೆಚ್ಚಿತ್ತು. ಚಾಲಕನಿಗೆ 2010ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಯಾರ ಗಾಡಿಗೆ ಯಾರು, ಎಷ್ಟು ಹೊತ್ತಿಗೆ ಹತ್ತಿದರು ಎಂಬ ಲೆಕ್ಕ ಎಷ್ಟು ಮುಖ್ಯ ಎಂಬುದು ಊರಿಗೆ ಅರಿವಾದದ್ದು ಆಗ.

ಇನ್ನು ವಿಡಿಯೋ. ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ 1872ರ ಕಾಯ್ದೆಯ ಕರಡು ಬರೆದಾಗ ಸಿನಿಮಾ ಕೂಡ ಹುಟ್ಟಿರಲಿಲ್ಲ. ಆದರೂ ಒಂದು ನೂರು ವರ್ಷ ಆ ಕಾಯ್ದೆ ಹೊಸ ಯಂತ್ರಗಳನ್ನು ಹೇಗೋ ನುಂಗಿಕೊಂಡಿತು. ಟೇಪ್ ರೆಕಾರ್ಡರ್ ಬಂದಾಗ, ಅದೂ ಒಂದು ಬಗೆಯ ದಾಖಲೆಯೇ ಎಂದು ಸುಪ್ರೀಂ ಕೋರ್ಟು 1960 ಮತ್ತು 70ರ ದಶಕಗಳಲ್ಲಿ ಒಪ್ಪಿತು. ರಾಷ್ಟ್ರಪತಿ ವಿ.ವಿ. ಗಿರಿಯವರ ಚುನಾವಣಾ ತಕರಾರಿನಲ್ಲೂ ಟೇಪಿನ ಪ್ರಶ್ನೆ ಎದ್ದಿತ್ತು. ಧ್ವನಿ ಯಾರದೆಂದು ಗುರುತಿಸಬೇಕು, ತಿದ್ದಿಲ್ಲವೆಂದು ಖಚಿತವಾಗಬೇಕು, ಮೊಹರು ಮಾಡಿ ಭದ್ರವಾಗಿಟ್ಟಿರಬೇಕು ಎಂಬ ಷರತ್ತುಗಳು ಆಗಲೇ ಬಂದವು.

ಕಂಪ್ಯೂಟರ್ ಬಂದಾಗ ಈ ಸಮಾಧಾನ ಸಾಲದಾಯಿತು. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೂಲಕ ಸಾಕ್ಷ್ಯ ಕಾಯ್ದೆಗೆ 65-ಬಿ ಎಂಬ ಕಲಮು ಸೇರಿತು. ಮೂಲ ಯಂತ್ರವನ್ನಲ್ಲದೆ ಅದರ ನಕಲನ್ನು, ಅಂದರೆ ಸಿ.ಡಿ., ಪೆನ್ ಡ್ರೈವ್ ಅಥವಾ ಮುದ್ರಿತ ಪ್ರತಿಯನ್ನು ಹಾಜರುಪಡಿಸುವುದಾದರೆ, ಆ ಯಂತ್ರದ ಹೊಣೆ ಹೊತ್ತವರು ಒಂದು ಪ್ರಮಾಣಪತ್ರಕ್ಕೆ ಸಹಿ ಮಾಡಿಕೊಡಬೇಕು. ಓದಿದರೆ ಸರಳ. ಆದರೆ ಈ ಒಂದು ಹಾಳೆ ಇಪ್ಪತ್ತು ವರ್ಷ ದೇಶದ ನ್ಯಾಯಾಲಯಗಳನ್ನು ಆಟವಾಡಿಸಿತು ಎಂದರೆ ಅತಿಶಯೋಕ್ತಿಯಲ್ಲ. ಸಂಸತ್ ಮೇಲಿನ ದಾಳಿಯ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು, ಹಾಳೆ ಇಲ್ಲದಿದ್ದರೂ ಕರೆಗಳ ಪಟ್ಟಿಯನ್ನು ಬೇರೆ ಕಲಮುಗಳಡಿ ಒಪ್ಪಬಹುದು ಎಂದಿತು. ಕೇರಳದ ಒಂದು ಚುನಾವಣಾ ತಕರಾರಿನಲ್ಲಿ 2014ರಲ್ಲಿ, ಇಲ್ಲ, ಹಾಳೆ ಇಲ್ಲದೆ ನಡೆಯದು ಎಂದಿತು. 2018ರಲ್ಲಿ ಯಂತ್ರ ನಿಮ್ಮ ಕೈಯಲ್ಲಿಲ್ಲದಿದ್ದರೆ ವಿನಾಯಿತಿ ಉಂಟು ಎಂದಿತು. 2020ರಲ್ಲಿ ಮಹಾರಾಷ್ಟ್ರದ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಮತ್ತೆ 2014ರ ಮಾತಿಗೇ ಬಂದು ನಿಂತಿತು: ಹಾಳೆ ಕಡ್ಡಾಯ, ಕೊಡಬೇಕಾದವರು ಕೊಡದಿದ್ದರೆ ನ್ಯಾಯಾಲಯದ ಮೂಲಕ ತರಿಸಿಕೊಳ್ಳಿ, ಮೂಲ ಯಂತ್ರವನ್ನೇ ತಂದರೆ ಮಾತ್ರ ಬೇಡ. ಈ ಹಿಂದೆಮುಂದೆಗಳ ನಡುವೆ ಕೆಳಗಿನ ನ್ಯಾಯಾಲಯಗಳಲ್ಲಿ ನಡೆದ ವಾದಗಳಲ್ಲಿ ಎಷ್ಟೋ ಸಲ ಚಿತ್ರದಲ್ಲೇನಿದೆ ಎಂಬುದಕ್ಕಿಂತ ಹಾಳೆ ಎಲ್ಲಿದೆ ಎಂಬುದೇ ದೊಡ್ಡದಾಯಿತು.

ಇದರ ಬಿಸಿ ನಮಗೂ ತಟ್ಟಿದೆ. 2008ರ ಜುಲೈ 25ರ ಸರಣಿ ಸ್ಫೋಟಗಳಲ್ಲಿ ಮಡಿವಾಳದ ಬಸ್ ನಿಲ್ದಾಣದಲ್ಲಿದ್ದ ಹೆಂಗಸೊಬ್ಬರು ಪ್ರಾಣ ಕಳೆದುಕೊಂಡರು. ಆ ಪ್ರಕರಣದಲ್ಲಿ ವಶವಾದ ಲ್ಯಾಪ್‌ಟಾಪ್, ಸಿ.ಡಿ., ಪೆನ್ ಡ್ರೈವ್ ಮುಂತಾದವುಗಳ ಬಗ್ಗೆ ಹೈದರಾಬಾದಿನ ಕೇಂದ್ರ ಪ್ರಯೋಗಾಲಯ 2010ರಲ್ಲೇ ವರದಿ ಕೊಟ್ಟಿತ್ತು. ಆದರೆ ಪ್ರಮಾಣಪತ್ರ ಜೊತೆಗಿರಲಿಲ್ಲ. ತಡವಾಗಿ ತಂದಾಗ ವಿಚಾರಣಾ ನ್ಯಾಯಾಲಯವೂ ಹೈಕೋರ್ಟೂ ಬೇಡವೆಂದವು. ವಿಚಾರಣೆ ಮುಗಿಯುವುದರೊಳಗೆ ಬಂದರೆ ಸಾಕು, ತೆಗೆದುಕೊಳ್ಳಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2023ರ ನವೆಂಬರಿನಲ್ಲಿ. ಒಂದು ಹಾಳೆಯ ತಕರಾರು ಮುಗಿಯುವ ಹೊತ್ತಿಗೆ ಸ್ಫೋಟ ನಡೆದು ಹದಿನೈದು ವರ್ಷ ಕಳೆದಿತ್ತು. ಸತ್ತವರ ಮನೆಯವರಿಗೂ, ವಿಚಾರಣಾಧೀನರಾಗಿ ಜೈಲಿನಲ್ಲಿದ್ದವರಿಗೂ ಇದು ಬರಿಯ ತಾಂತ್ರಿಕ ವಿಷಯವಲ್ಲ.

ಚಿತ್ರ ಇದ್ದಾಗಿನ ಕತೆ ಇದು. ಇರಬೇಕಾದ ಚಿತ್ರ ಇಲ್ಲದಿದ್ದರೆ? 2010ರಲ್ಲಿ ವಾರಾಣಸಿಯ ಹೋಟೆಲೊಂದರಲ್ಲಿ ಇಟಲಿಯ ಪ್ರವಾಸಿಯೊಬ್ಬ ಸತ್ತ. ಜೊತೆಗಿದ್ದ ಇಬ್ಬರು ಇಟಲಿಯವರಿಗೆ ಜೀವಾವಧಿ ಶಿಕ್ಷೆಯಾಯಿತು. ಹೋಟೆಲಿನಲ್ಲಿ ಸಿಸಿಟಿವಿ ಇತ್ತು. ಯಾರು ಕೋಣೆಗೆ ಬಂದರು, ಯಾರು ಹೊರಟರು ಎಂಬುದನ್ನು ಅದು ಹೇಳಬಹುದಿತ್ತು. ಆದರೆ ದೃಶ್ಯವನ್ನು ನ್ಯಾಯಾಲಯದ ಮುಂದೆ ಇಡಲೇ ಇಲ್ಲ. ಅತ್ಯುತ್ತಮ ಸಾಕ್ಷ್ಯ ಕೈಯಲ್ಲಿದ್ದೂ ತೋರಿಸದಿದ್ದರೆ ಅದು ನಿಮಗೆ ವಿರುದ್ಧವಾಗಿಯೇ ಇತ್ತೆಂದು ಭಾವಿಸಬೇಕಾಗುತ್ತದೆ ಎಂಬ ನ್ಯಾಯವನ್ನು ಸರ್ಕಾರದ ಪಕ್ಷದ ಮೇಲೇ ಪ್ರಯೋಗಿಸಿ, 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇಬ್ಬರನ್ನೂ ಬಿಡುಗಡೆ ಮಾಡಿತು. ಕ್ಯಾಮೆರಾ ಎಂದರೆ ಪೊಲೀಸರ ಕೈಯ ಆಯುಧ ಎಂದುಕೊಂಡವರು ಈ ತೀರ್ಪನ್ನು ಗಮನಿಸಬೇಕು. ನಿರಪರಾಧಿಗೂ ಅದೇ ದಿಕ್ಕು.

ಇನ್ನೊಂದು ತೊಡಕು, ಮುಖ ಕಂಡರೂ ಹೆಸರು ಕಾಣದಿರುವುದು. 2013ರ ನವೆಂಬರಿನಲ್ಲಿ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂ ಒಳಗೆ ಮಹಿಳೆಯೊಬ್ಬರ ಮೇಲೆ ಮಚ್ಚು ಬೀಸಿದವನ ಮುಖವನ್ನು ದೇಶವೇ ಟೀವಿಯಲ್ಲಿ ನೋಡಿತು. ಆತ ಸಿಕ್ಕಿದ್ದು ಮೂರು ವರ್ಷ ಕಳೆದ ಮೇಲೆ, 2017ರಲ್ಲಿ, ಆಂಧ್ರದಲ್ಲಿ. ಶಿಕ್ಷೆಯಾದದ್ದು 2021ರಲ್ಲಿ.

ಮುಖವೂ ಕಾಣದಿದ್ದರೆ? 2017ರ ಸೆಪ್ಟೆಂಬರ್ 5ರ ಸಂಜೆ ರಾಜರಾಜೇಶ್ವರಿನಗರದ ತಮ್ಮ ಮನೆಯ ಬಾಗಿಲಲ್ಲೇ ಪತ್ರಕರ್ತೆ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಮನೆಯ ಕ್ಯಾಮೆರಾದಲ್ಲಿ ಕೆಲವು ಸೆಕೆಂಡುಗಳ ದೃಶ್ಯವಿತ್ತು, ಹಂತಕನ ತಲೆಯ ಮೇಲೆ ಹೆಲ್ಮೆಟ್ಟಿತ್ತು. ವಿಶೇಷ ತನಿಖಾ ತಂಡ ಆಗ ನಡಿಗೆಯನ್ನು ಹಿಡಿಯಿತು. ಬಂಧಿತನೊಬ್ಬನನ್ನು ನಡೆಸಿ ಚಿತ್ರಿಸಿ, ಎರಡೂ ದೃಶ್ಯಗಳನ್ನು ಹೋಲಿಸಲು ಗುಜರಾತಿನ ಗಾಂಧಿನಗರದ ಪ್ರಯೋಗಾಲಯಕ್ಕೆ ಕಳಿಸಿತು. 'ಅವನ ನಡಿಗೆ ನೋಡಿದರೇ ಗೊತ್ತಾಗುತ್ತದೆ' ಎಂದು ನಾವು ಆಡುವ ಮಾತಿಗೆ ವಿಜ್ಞಾನದ ಅಂಗಿ ತೊಡಿಸಿದ ಹಾಗೆ. ಕುತೂಹಲದ ಸಂಗತಿಯೆಂದರೆ, ಲಂಡನ್ನಿನ ರಾಯಲ್ ಸೊಸೈಟಿ ಅದೇ 2017ರಲ್ಲಿ ನ್ಯಾಯಾಧೀಶರಿಗಾಗಿ ಹೊರತಂದ ಕೈಪಿಡಿಯಲ್ಲಿ, ನಡಿಗೆ ವಿಶ್ಲೇಷಣೆಗೆ ಇರುವ ವೈಜ್ಞಾನಿಕ ಆಧಾರ ಸೀಮಿತವಾದದ್ದೆಂದು ಎಚ್ಚರಿಸಿತ್ತು. ಒಬ್ಬನ ನಡಿಗೆ ಎಷ್ಟು ಅಪೂರ್ವ, ಚಪ್ಪಲಿ ಬದಲಾದರೆ, ಅವಸರವಿದ್ದರೆ, ಕ್ಯಾಮೆರಾ ಮೇಲಿನಿಂದ ನೋಡಿದರೆ ಅದು ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಬೆರಳಚ್ಚಿಗಿರುವಂಥ ಲೆಕ್ಕಾಚಾರ ಇಲ್ಲ. ಬೇರೆ ಸಾಕ್ಷ್ಯಗಳ ಜೊತೆ ಒಂದು ಎಳೆಯಾಗಿ ಅದು ನಿಲ್ಲಬಹುದು. ಅದೊಂದರ ಮೇಲೆ ಭಾರ ಹಾಕುವಂತಿಲ್ಲ ಎಂಬುದು ನನ್ನ ಅಭಿಪ್ರಾಯ.

ನಟ ದರ್ಶನ್ ಆರೋಪಿಯಾಗಿರುವ, 2024ರ ಜೂನ್ ತಿಂಗಳ ರೇಣುಕಾಸ್ವಾಮಿ ಕೊಲೆ ಪ್ರಕರಣದಲ್ಲಿ ಮೊದಲ ವಾರದಿಂದಲೇ ಕಾರುಗಳೂ ಸಿಸಿಟಿವಿ ದೃಶ್ಯಗಳೂ ಟೀವಿಯಲ್ಲಿ ಓಡಿದವು. ಯಾವ ಗಾಡಿ ಎಷ್ಟು ಗಂಟೆಗೆ ಎಲ್ಲಿ ಹಾದುಹೋಯಿತೆಂದು ಹೋಟೆಲುಗಳಲ್ಲಿ ಜನ ವಾದಿಸಿದರು. ಹೈಕೋರ್ಟು ಕೊಟ್ಟಿದ್ದ ಜಾಮೀನನ್ನು 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ರದ್ದು ಮಾಡಿದ್ದನ್ನು ಹಲವರು ತೀರ್ಪೆಂದೇ ತಿಳಿದರು. ಜಾಮೀನಿನ ಆದೇಶ ತೀರ್ಪಲ್ಲ. ಆ ದೃಶ್ಯಗಳ ಬೆಲೆ ಗೊತ್ತಾಗುವುದು ಸಾಕ್ಷಿಯ ಕಟ್ಟೆಯಲ್ಲಿ, ಪಾಟೀಸವಾಲಿನ ಮುಂದೆ.

ಸ್ಟೀಫನ್ನನ ಕಾಯ್ದೆ 2024ರ ಜುಲೈ 1ರಂದು ತೆರೆಮರೆಗೆ ಸರಿದು ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಹಳೆಯ 65-ಬಿ ಅದರಲ್ಲಿ 63ನೇ ಕಲಮಾಗಿದೆ. ಪ್ರಮಾಣಪತ್ರಕ್ಕೆ ಈಗ ಎರಡು ಭಾಗ. ಒಂದನ್ನು ಯಂತ್ರದ ಹೊಣೆ ಹೊತ್ತವರು, ಇನ್ನೊಂದನ್ನು ತಜ್ಞರು ತುಂಬಬೇಕು. ಎರಡರಲ್ಲೂ ಕಡತದ 'ಹ್ಯಾಶ್' ಸಂಖ್ಯೆ ನಮೂದಿಸಬೇಕು. ಕಡತದ ಬೆರಳಚ್ಚು ಎನ್ನಬಹುದಾದ ಸಂಖ್ಯೆ ಇದು. ದೃಶ್ಯದ ಒಂದೇ ಒಂದು ಚೌಕಟ್ಟನ್ನು ತಿದ್ದಿದರೂ ಪೂರ್ತಿ ಬದಲಾಗಿಬಿಡುತ್ತದೆ. ಹೊಣೆ ಹೊತ್ತವರೆಂದರೆ ಯಾರೋ ದೊಡ್ಡ ಅಧಿಕಾರಿಯಲ್ಲ. ರಸ್ತೆಯತ್ತ ಮುಖ ಮಾಡಿದ ಕ್ಯಾಮೆರಾ ಇಟ್ಟುಕೊಂಡ ಜಯನಗರ ನಾಲ್ಕನೇ ಬ್ಲಾಕಿನ ಬಟ್ಟೆ ಅಂಗಡಿಯವರೂ ಆಗಬಹುದು, ಜೆ.ಪಿ. ನಗರದ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯೂ ಆಗಬಹುದು. ಅವರ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಜಾಗ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುತ್ತ ಹೋಗುತ್ತದೆ. ಜನ ಹೆಚ್ಚು ಸೇರುವ ಸ್ಥಳಗಳು ದೃಶ್ಯವನ್ನು ಮೂವತ್ತು ದಿನ ಇಟ್ಟಿರಬೇಕೆಂದು ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಗಿರೀಶ್ ಕೊಲೆಯಲ್ಲಿ ಆರೋಪಿಗಳ ಬಂಧನವಾದದ್ದು ಐವತ್ತಮೂರನೆಯ ದಿನ.