ಮಳೆಗೆ ನಿಂತ ಹಳೆಯ ವಿಮಾನ: ಮ್ಯೂಸಿಯಂನವರು ನಿಜಕ್ಕೂ ಕೈಬಿಟ್ಟಿದ್ದಾರೆಯೇ?

ಬಣ್ಣ ಮಾಸಿದ, ಚಕ್ರಗಳ ಸುತ್ತ ಹುಲ್ಲು ಬೆಳೆದ ಒಂದು ಯುದ್ಧವಿಮಾನದ ಫೋಟೋ. ಅದರ ಕೆಳಗೆ ‘ದೇಶ ಕಾಯ್ದ ವಿಮಾನಕ್ಕೆ ಇದೇನಾ ಗೌರವ? ಎಲ್ಲರಿಗೂ ತಲುಪುವ ತನಕ ಶೇರ್ ಮಾಡಿ’ ಎಂಬಂಥ ಸಾಲು. ಇಂಥ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. 1963ರಿಂದ ನಮ್ಮ ವಾಯುಪಡೆಯಲ್ಲಿದ್ದ ಮಿಗ್-21 ವಿಮಾನಗಳು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆದವು. ಹಾರಾಟ ಮುಗಿಸಿದ ವಿಮಾನಗಳ ಗತಿಯೇನು ಎಂದು ಜನ ಕೇಳುವುದು ಸಹಜ, ಕೇಳಲೂಬೇಕು.

ಚುಟುಕಾಗಿ ಹೇಳುವುದಾದರೆ, ಹೊರಗೆ ನಿಂತ ವಿಮಾನವೆಲ್ಲ ಅನಾಥವಲ್ಲ, ಹೊಳೆಯುವ ವಿಮಾನವೆಲ್ಲ ಸುರಕ್ಷಿತವೂ ಅಲ್ಲ. ಒಂದು ಫೋಟೋ ನೋಡಿ ಎರಡನ್ನೂ ತೀರ್ಮಾನಿಸಲು ಆಗುವುದಿಲ್ಲ. ಏಕೆ ಎಂದು ಒಂದೊಂದಾಗಿ ನೋಡೋಣ.

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ, ಮಳೆಗೆ ನಿಂತರೇನು?

ಇದು ಅರ್ಧ ನಿಜ. ಕಬ್ಬಿಣಕ್ಕೆ ಬರುವ ಕೆಂಪು ತುಕ್ಕು ಅಲ್ಯೂಮಿನಿಯಂಗೆ ಬರುವುದಿಲ್ಲ. ಗಾಳಿ ತಾಗಿದ ಕೂಡಲೇ ಅದರ ಮೇಲೆ ಒಂದು ತೆಳು ಆಕ್ಸೈಡ್ ಪೊರೆ ಕಟ್ಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ವಿಮಾನದ ಮೈ ಶುದ್ಧ ಅಲ್ಯೂಮಿನಿಯಂ ಅಲ್ಲ. ಗಟ್ಟಿತನಕ್ಕಾಗಿ ಅದಕ್ಕೆ ತಾಮ್ರ, ಮೆಗ್ನೀಸಿಯಂನಂಥ ಲೋಹಗಳನ್ನು ಬೆರೆಸಿರುತ್ತಾರೆ. ಗಟ್ಟಿತನ ಬಂದಂತೆ ಕೊರೆತದ ಭಯವೂ ಜೊತೆಗೇ ಬರುತ್ತದೆ. ಅದರ ಮೇಲೆ ಉಕ್ಕಿನ ಬೋಲ್ಟುಗಳು, ಬೇರೆ ಲೋಹದ ಬಿಡಿಭಾಗಗಳು. ಎರಡು ಬೇರೆ ಲೋಹಗಳ ನಡುವೆ ನೀರು ನಿಂತರೆ ಒಂದು ಲೋಹ ನಿಧಾನವಾಗಿ ಕರಗಿ ಸವೆಯುತ್ತದೆ.

ಮೂಡಿಗೆರೆ, ಕಳಸದ ಕಡೆ ತೋಟ ಮಾಡುವವರು ಇದರ ಹತ್ತಿರದ ಸಂಬಂಧಿಯನ್ನು ಬಲ್ಲರು. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಕತ್ತಿಯ ಅಲಗನ್ನು ಅದ್ದುತ್ತೇವಲ್ಲ? ಅಲಗಿನ ಮೇಲೆ ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಸಾಲದು ಎಂದರ್ಥ. ಮೈಲುತುತ್ತದಲ್ಲಿದ್ದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅಷ್ಟೇ ಕಬ್ಬಿಣ ನೀರಿಗೆ ಇಳಿಯುತ್ತದೆ. ಎರಡು ಲೋಹಗಳ ನಡುವೆ ನೀರು ಬಂದರೆ ಒಂದು ಸೋಲಲೇಬೇಕು. ವಿಮಾನದ ಕೀಲುಗಳಲ್ಲಿ ವರ್ಷಗಟ್ಟಲೆ ನಡೆಯುವುದರ ಹಿಂದೆಯೂ ಇದೇ ತತ್ವವಿದೆ. ಅಲ್ಲಿ ಕಾಣಿಸುವುದು ಕೆಂಪು ತುಕ್ಕಲ್ಲ, ಬಿಳಿ ಹಿಟ್ಟಿನಂಥ ಪುಡಿ. ಬಣ್ಣದ ಅಡಿಯಲ್ಲಿ ಗುಳ್ಳೆ ಎದ್ದಂತೆ ಶುರುವಾಗಿ ಒಳಗೊಳಗೇ ಹರಡುತ್ತದೆ.

ಆದ್ದರಿಂದ ಜನರ ಆತಂಕಕ್ಕೆ ಆಧಾರವಿದೆ. ಆದರೆ ಫೋಟೋದಲ್ಲಿ ಕಾಣುವ ಮಾಸಿದ ಬಣ್ಣ ದೊಡ್ಡ ಅಪಾಯವಲ್ಲ. ಕಾಣದ ಕಡೆ ನಿಂತ ನೀರು, ರೆಕ್ಕೆಯ ಸಂದಿಯಲ್ಲಿ ಹಕ್ಕಿ ಕಟ್ಟಿದ ಗೂಡು, ಮುಚ್ಚಿಹೋದ ನೀರಿಳಿಯುವ ರಂಧ್ರಗಳೇ ಹೆಚ್ಚು ಹಾನಿ ಮಾಡುತ್ತವೆ.

ಸರ್ಕಲ್‌ನಲ್ಲಿ ನಿಂತ ವಿಮಾನವೂ ಮ್ಯೂಸಿಯಂನದೇ?

ಸಾಮಾನ್ಯವಾಗಿ ಅಲ್ಲ. ನಿವೃತ್ತ ವಿಮಾನಗಳನ್ನು ಕಾಲೇಜು, ಉದ್ಯಾನ, ವೃತ್ತಗಳಲ್ಲಿ ಪ್ರದರ್ಶನಕ್ಕೆ ಕೊಡುವುದುಂಟು. ಅಲ್ಲಿಗೆ ಬಂದ ಮೇಲೆ ತೊಳೆಯುವ, ಬಣ್ಣ ಬಳಿಯುವ ಹೊಣೆ ಸಾಮಾನ್ಯವಾಗಿ ಪಡೆದವರದ್ದು. ಫಾರ್ವರ್ಡ್‌ನಲ್ಲಿ ಇಂಥ ವಿಮಾನದ ಚಿತ್ರ ಹಾಕಿ ‘ಮ್ಯೂಸಿಯಂನವರ ನಿರ್ಲಕ್ಷ್ಯ’ ಎಂದು ಬರೆದರೆ ದೂರು ತಪ್ಪು ವಿಳಾಸಕ್ಕೆ ಹೋಗುತ್ತದೆ, ವಿಮಾನ ಇದ್ದಲ್ಲೇ ನೆನೆಯುತ್ತದೆ.

ಮ್ಯೂಸಿಯಂನ ಕೆಲಸ ಬೇರೆ. ಬೆಂಗಳೂರಿನಲ್ಲಿ ಎಚ್‌ಎಎಲ್ 2001ರಲ್ಲಿ ತೆರೆದ ಹೆರಿಟೇಜ್ ಸೆಂಟರ್ ಮತ್ತು ಏರೋಸ್ಪೇಸ್ ಮ್ಯೂಸಿಯಂ ನಮಗೆ ಹತ್ತಿರದ ಉದಾಹರಣೆ. ಅಲ್ಲಿ ವಿಮಾನಗಳ ಜೊತೆ ಎಂಜಿನ್‌ಗಳು, ಫೋಟೋಗಳು, ಎಚ್‌ಎಎಲ್‌ನ ಚರಿತ್ರೆಯೂ ಇವೆ. ಹೊರಗೆ ನಿಂತಿರುವ ಎಚ್‌ಎಫ್-24 ಮಾರುತ್ ನೋಡಿ. ಜರ್ಮನಿಯ ಕರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಜೆಟ್ ಅದು. ಅದೇ ಮಾದರಿಯ ಇನ್ನೊಂದು ವಿಮಾನ ಜರ್ಮನಿಯ ಮ್ಯೂನಿಕ್ ಬಳಿ ಡಾಯ್ಚಸ್ ಮ್ಯೂಸಿಯಂನ ವಿಮಾನ ವಿಭಾಗದಲ್ಲಿದೆ. ಒಂದೇ ಮಾದರಿಯ ಹಲವು ವಿಮಾನಗಳು ಉಳಿದಿದ್ದರೆ ಕೆಲವನ್ನು ಹೊರಗೆ ಇಡುವ ಧೈರ್ಯ ಮಾಡಬಹುದು. ಲೋಕದಲ್ಲೇ ಒಂದೋ ಎರಡೋ ಉಳಿದಿದ್ದರೆ ಮೊದಲ ಸೂರು ಅದಕ್ಕೇ ಸಲ್ಲಬೇಕು. ಮ್ಯೂಸಿಯಂಗಳು ಆದ್ಯತೆ ಲೆಕ್ಕ ಹಾಕುವ ಬಗೆ ಇದು.

ಎಲ್ಲವನ್ನೂ ಸೂರಿನ ಅಡಿ ಇಡಬಾರದೇ?

ಇಡಬಹುದು, ಆದರೆ ಅಳತೆ ನೋಡಿ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪೆಲ್ ಯುದ್ಧನೌಕೆಯ ಪಕ್ಕಕ್ಕೆ ತಂದಿರಿಸಿದ ನೌಕಾಪಡೆಯ ಟುಪೊಲೆವ್-142 ವಿಮಾನದ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 50 ಮೀಟರ್. ಇಂಥದ್ದಕ್ಕೆ ಕಂಬಗಳು ಅಡ್ಡ ಬಾರದ ಮಾಡು ಕಟ್ಟುವುದು ದೊಡ್ಡ ಖರ್ಚಿನ ಬಾಬು. ಕಡಲ ದಂಡೆಯಲ್ಲಿ ಉಪ್ಪಿನ ಗಾಳಿ ಬೇರೆ. ಅಲ್ಲಿ ನಿಲ್ಲುವ ಯಾವ ವಿಮಾನಕ್ಕೂ ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆಯುವ, ಸಂದಿಗಳಿಗೆ ರಕ್ಷಕ ಎಣ್ಣೆ ಹಾಕುವ ಕೆಲಸ ತಪ್ಪದು.

ಬರೀ ಮಾಡು ಹಾಕಿದರೂ ಸಾಲದು. ಗಾಳಿಯಾಡದ ಗೋದಾಮಿನಲ್ಲಿ ಮಳೆಗಾಲದ ಕಾಫಿ ಬೀಜ ಬಿಳಿಚಿಕೊಳ್ಳುವುದನ್ನು ಮಲೆನಾಡಿನವರು ಕಂಡಿದ್ದೇವೆ. ನೀರು ಸುರಿಯದಿದ್ದರೂ ತೇವ ಬಂದೇ ಬರುತ್ತದೆ. ವಿಮಾನಕ್ಕೂ ಅಷ್ಟೇ. ಮುಚ್ಚಿದ ಷೆಡ್‌ನಲ್ಲಿ ತಣ್ಣನೆಯ ಲೋಹದ ಮೇಲೆ ರಾತ್ರಿ ಹನಿಗಟ್ಟಿದರೆ ಒಳಗಿಟ್ಟೂ ಕೊರೆತ ತಪ್ಪುವುದಿಲ್ಲ.

ಜನ ಕೇಳಿದ್ದರಿಂದ, ಹಣ ಕೊಟ್ಟಿದ್ದರಿಂದ ಸೂರು ಬಂದ ಉದಾಹರಣೆಗಳೂ ಇವೆ. ಅಮೆರಿಕದ ಸಿಯಾಟಲ್‌ನ ಮ್ಯೂಸಿಯಂ ಆಫ್ ಫ್ಲೈಟ್‌ನಲ್ಲಿ ಮೊದಲ ಬೋಯಿಂಗ್ 747 ಸೇರಿದಂತೆ ದೊಡ್ಡ ವಿಮಾನಗಳು ವರ್ಷಗಟ್ಟಲೆ ಮಳೆಗೆ ನಿಂತಿದ್ದವು. 2016ರಲ್ಲಿ ಅವುಗಳಿಗಾಗಿಯೇ ವಿಶಾಲವಾದ ಮಾಡು ತೆರೆಯಿತು. ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂ 2013ರ ಜೂನ್‌ನಲ್ಲಿ ಕಡಲ ತಳದಿಂದ ಎರಡನೇ ಮಹಾಯುದ್ಧದ ಒಂದು ಡಾರ್ನಿಯರ್-17 ವಿಮಾನವನ್ನು ಎತ್ತಿತು. ಅದನ್ನು ಪ್ಲಾಸ್ಟಿಕ್ ಸುರಂಗದಂಥ ಗೂಡಿನಲ್ಲಿಟ್ಟು ಸಿಟ್ರಿಕ್ ಆಮ್ಲ ಬೆರೆಸಿದ ನೀರನ್ನು ತಿಂಗಳುಗಟ್ಟಲೆ ಸಿಂಪಡಿಸಿದರು. ನಿಂಬೆಹಣ್ಣಿನಲ್ಲಿರುವ ಆಮ್ಲವೇ ಅದು. ಏಳು ದಶಕ ಲೋಹದಲ್ಲಿ ಇಂಗಿದ್ದ ಉಪ್ಪನ್ನು ಬಿಡಿಸಲು ಆ ಉಪಾಯ. ಹಾಗೆಂದು ನೀವು ಮನೆಯ ಪಾತ್ರೆಯಂತೆ ನಿಂಬೆ ಹಾಕಿ ವಿಮಾನ ತಿಕ್ಕಲು ಹೋಗಬೇಡಿ. ಅಲ್ಲಿ ದ್ರಾವಣದ ಆಮ್ಲೀಯತೆಯನ್ನು ಅಳೆದು ಅಳೆದು ಬಳಸಿದ್ದರು.

ಹಾರಿಸುತ್ತಿದ್ದರೆ ಮಾತ್ರ ಉಳಿಸಿದಂತೆಯೇ?

‘ಗಾಜಿನ ಪೆಟ್ಟಿಗೆಯಲ್ಲಿ ಇಡುವ ಬದಲು ಹಾರಿಸಿ’ ಎನ್ನುವವರೂ ಇದ್ದಾರೆ. ಎಂಜಿನ್ನಿನ ಸದ್ದು ಕೇಳಿದ ಮಗು ಆ ವಿಮಾನವನ್ನು ಮರೆಯುವುದಿಲ್ಲ, ನಿಜ. ಆದರೆ ಹಾರುವ ವಿಮಾನದಲ್ಲಿ ಸವೆದ ಭಾಗಗಳನ್ನು ಬದಲಿಸುತ್ತಲೇ ಇರಬೇಕು, ಹಳೆಯದು ದಿನೇ ದಿನೇ ಕಡಿಮೆಯಾಗುತ್ತದೆ. ಅಪಾಯವೂ ಇದೆ. 2019ರ ಅಕ್ಟೋಬರ್ 2ರಂದು ಅಮೆರಿಕದ ಕನೆಕ್ಟಿಕಟ್‌ನಲ್ಲಿ ಮಹಾಯುದ್ಧ ಕಾಲದ ಬಿ-17 ವಿಮಾನ ಅಪಘಾತಕ್ಕೀಡಾಗಿ 7 ಮಂದಿ ಸತ್ತರು. 2022ರ ನವೆಂಬರ್ 12ರಂದು ಡಲ್ಲಾಸ್‌ನ ಪ್ರದರ್ಶನದಲ್ಲಿ ಎರಡು ಹಳೆಯ ವಿಮಾನಗಳು ಡಿಕ್ಕಿಯಾಗಿ 6 ಮಂದಿ ಸತ್ತರು. ಅಪರೂಪದ ವಿಮಾನವನ್ನು ನೆಲದಲ್ಲೇ ಉಳಿಸುವ ತೀರ್ಮಾನ ಸೋಮಾರಿತನವಲ್ಲ ಎನ್ನುವುದು ಇದಕ್ಕೇ.

ಹೊಸ ಬಣ್ಣ ಬಳಿದರೆ ಚರಿತ್ರೆ ಉಳಿಯಿತೇ?

ಇಲ್ಲೊಂದು ಫಾರ್ವರ್ಡ್‌ಗೆ ಸುಲಭವಾಗಿ ಸಿಕ್ಕುವ ತಪ್ಪು ಇದೆ. ವಿಪಿ 905 ಸಂಖ್ಯೆಯ ಡಕೋಟಾ ವಿಮಾನವೊಂದು ಈಗ ನಮ್ಮ ವಾಯುಪಡೆಯಲ್ಲಿದೆ, ಹೆಸರು ‘ಪರಶುರಾಮ’. ಬ್ರಿಟನ್ನಿನಲ್ಲಿ ದುರಸ್ತಿಯಾದ ಅದನ್ನು ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಕೊಡುಗೆಯಾಗಿ ನೀಡಿದರು, 2018ರಲ್ಲಿ ಅದು ಭಾರತಕ್ಕೆ ಹಾರಿ ಬಂತು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಕರೆದೊಯ್ದ ವಿಮಾನವೇ ಇದು ಎಂದರೆ ತಪ್ಪು. ಆ ವಿಮಾನದ ನೆನಪಿಗಾಗಿ ಅದರ ಸಂಖ್ಯೆಯನ್ನು ಇದಕ್ಕೆ ಇಟ್ಟಿದ್ದಾರೆ, ಅಷ್ಟೇ. ಇದರಲ್ಲಿ ಮೋಸವೇನೂ ಇಲ್ಲ, ಸ್ಮರಣೆಗೆ ಅದೂ ಒಂದು ದಾರಿ. ಆದರೆ ನೆನಪಿನ ವಿಮಾನ ಯಾವುದು, ಮೂಲ ವಿಮಾನ ಯಾವುದು ಎಂದು ಫಲಕದಲ್ಲಿ ಬರೆಯುವುದು ಒಳ್ಳೆಯ ಮ್ಯೂಸಿಯಂನ ಲಕ್ಷಣ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸಹೋದರರ ವಿಮಾನ ನೋಡಿದವರಿಗೆ ಗೊತ್ತು, ಅದು ಅದೇ ಅಳತೆಯ ಪ್ರತಿರೂಪ.

ಹಾಗೆಯೇ, ಹಳೆಯ ಬಣ್ಣವನ್ನು ಪೂರ್ತಿ ಕೆರೆದು ಹೊಳಪು ಬಳಿದರೆ ಆ ವಿಮಾನದ ಮೇಲಿದ್ದ ಗುರುತುಗಳು, ದುರಸ್ತಿಯ ತೇಪೆಗಳು ಹೋಗಿಬಿಡುತ್ತವೆ. ಏನನ್ನು ಬದಲಿಸಿದರು ಎಂದು ಬರೆದಿಡದಿದ್ದರೆ ಮುಂದಿನವರಿಗೆ ಅಸಲು ಯಾವುದು ಎಂದೇ ತಿಳಿಯುವುದಿಲ್ಲ. ಮಾಸಿದ ಬಣ್ಣವನ್ನು ಮ್ಯೂಸಿಯಂ ಬೇಕೆಂದೇ ಉಳಿಸಿಕೊಂಡಿರಲೂಬಹುದು.

ಗುಜರಿಯಿಂದ ಎದ್ದ ಬೆಂಗಳೂರಿನ ಲಿಬರೇಟರ್‌ಗಳು

ಸಕಾಲದಲ್ಲಿ ಯಾರೋ ಒಬ್ಬರು ‘ಇದನ್ನು ಒಡೆಯಬೇಡಿ’ ಎಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ದೊಡ್ಡ ಕಥೆ ಇದೆ. ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಮತ್ತೆ ಹಾರಬಾರದೆಂದು ಕೆಡಿಸಿ ಬಿಟ್ಟುಹೋಗಿದ್ದರು. ಎಚ್‌ಎಎಲ್‌ನ ಪೈಲಟ್ ಜಮ್ಶೆಡ್ ಕೈಕೋಬಾದ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಎಚ್‌ಎಎಲ್ ಕೆಲಸಗಾರರು ದುರಸ್ತಿ ಮಾಡಿದ ಆ ವಿಮಾನಗಳನ್ನು ನಮ್ಮ ವಾಯುಪಡೆ 1968ರವರೆಗೂ ಹಾರಿಸಿತು.

ಅಷ್ಟರಲ್ಲಿ ಬೇರೆ ದೇಶಗಳಲ್ಲಿ ಲಿಬರೇಟರ್‌ಗಳು ಬಹುತೇಕ ಗುಜರಿಯಾಗಿದ್ದವು. ಆದ್ದರಿಂದಲೇ ಇಂದು ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂನಲ್ಲಿ, ಕೆನಡಾದ ಒಟ್ಟಾವಾದಲ್ಲಿ, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿ, ದೆಹಲಿಯ ಪಾಲಂನಲ್ಲಿ ಇರುವ ಲಿಬರೇಟರ್‌ಗಳು ನಮ್ಮ ವಾಯುಪಡೆಯಿಂದ ಬಂದವು. ಒಡೆದಿದ್ದರೆ ಅಲ್ಯೂಮಿನಿಯಂ ತೂಕಕ್ಕೆ ಹೋಗುತ್ತಿದ್ದವು.

ಆದರೆ ನಮ್ಮ ಕಾಳಜಿ ಯಾವಾಗಲೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಎಚ್‌ಎಎಲ್ ಬೆಳೆಗೆ ಔಷಧಿ ಸಿಂಪಡಿಸಲೆಂದೇ ‘ಬಸಂತ್’ ಎಂಬ ವಿಮಾನ ಮಾಡಿತ್ತು. 1972ರಲ್ಲಿ ಮೊದಲು ಹಾರಿದ ಅದು ತಯಾರಾದದ್ದು 39 ಮಾತ್ರ. ಯುದ್ಧವಿಮಾನದ ಫೋಟೋಗೆ ಬೀಳುವ ಲೈಕ್ ಬಸಂತ್‌ಗೆ ಬೀಳುವುದಿಲ್ಲ. ಹೊಲ ತೋಟದ ಜನರಾದ ನಾವಾದರೂ ಅದನ್ನು ಕೇಳಬೇಕು.

ಶೇರ್ ಮಾಡುವ ಮೊದಲು

ಇಂಥ ಫೋಟೋ ಬಂದಾಗ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. ಇದು ಯಾವ ಊರು, ಯಾವ ವರ್ಷದ ಫೋಟೋ? ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಎಷ್ಟೋ ಸಲ ಹಳೆಯ ಅಥವಾ ಬೇರೆ ದೇಶದ ಚಿತ್ರ ಎಂದು ತಿಳಿಯುತ್ತದೆ.

2. ವಿಮಾನ ಮ್ಯೂಸಿಯಂನಲ್ಲಿದೆಯೇ, ಸರ್ಕಲ್‌ನಲ್ಲಿದೆಯೇ, ದುರಸ್ತಿಗೆ ಕಾಯುತ್ತಿದೆಯೇ? ಹೊಣೆ ಯಾರದ್ದು ಎಂಬುದು ಇದರಿಂದ ಗೊತ್ತಾಗುತ್ತದೆ.

3. ಬಾಲದ ಮೇಲಿನ ಸಂಖ್ಯೆ ಕಾಣುತ್ತಿದೆಯೇ? ‘ವಿಮಾನ ಹಾಳಾಗುತ್ತಿದೆ’ ಎನ್ನುವುದಕ್ಕಿಂತ ‘ಇಂಥ ಸಂಖ್ಯೆಯ ವಿಮಾನದ ಎಡ ಚಕ್ರದ ಬಳಿ ನೀರು ನಿಂತಿದೆ’ ಎಂದು ಹೊಣೆಗಾರರಿಗೆ ಬರೆದರೆ ಅವರು ಹೋಗಿ ನೋಡಬಲ್ಲರು.

4. ‘ವಿಮಾನ ಉಳಿಸಲು ಈ ನಂಬರಿಗೆ ಹಣ ಹಾಕಿ’ ಎಂದಿದೆಯೇ? ಮ್ಯೂಸಿಯಂನ ಅಧಿಕೃತ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳದೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಮ್ಯೂಸಿಯಂನವರಿಗೂ ಒಂದು ಮಾತು. ಈ ವಿಮಾನವನ್ನು ಏಕೆ ಹೊರಗಿಟ್ಟಿದ್ದೇವೆ, ಕೊನೆಯದಾಗಿ ಯಾವಾಗ ತೊಳೆದು ಪರೀಕ್ಷಿಸಿದೆವು, ಮುಂದಿನ ಯೋಜನೆ ಏನು ಎಂದು ಫಲಕದಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದಿಟ್ಟರೆ ಅರ್ಧ ಫಾರ್ವರ್ಡ್‌ಗಳು ಹುಟ್ಟುವುದೇ ಇಲ್ಲ. ಉಳಿದ ಅರ್ಧದಲ್ಲಿ ನಿಜವಾದ ದೂರು ಇರಬಹುದು, ಅದನ್ನು ಕೇಳಿಸಿಕೊಳ್ಳಿ. ಮಳೆಗಾಲ ಯಾರನ್ನೂ ಕಾಯುವುದಿಲ್ಲ, ರೆಕ್ಕೆಯ ಸಂದಿಯಲ್ಲಿ ನಿಂತ ನೀರಂತೂ ಅಲ್ಲೇ ಇರುತ್ತದೆ.