ಸುಳಿನೊಣವೂ ಮುಂಗಾರಿ ಜೋಳವೂ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಬೇಸಾಯದ ಚರಿತ್ರೆಯೆಂದರೆ ಹತ್ತಿಯನ್ನೂ ಮೆಣಸಿನಕಾಯಿಯನ್ನೂ ಎಲ್ಲರೂ ಸ್ಮರಿಸುವರು. ಆದರೆ ಮುಂಗಾರಿ ಜೋಳದ ಬಿತ್ತನೆಯ ಕಾಲವನ್ನು ಮಳೆಯೊಡನೆ ತಾನೂ ಸೇರಿ ನಿರ್ಣಯಿಸುತ್ತ ಬಂದ, ಮನೆನೊಣಕ್ಕಿಂತ ಚಿಕ್ಕದಾದ ಬೂದುಬಣ್ಣದ ಸುಳಿನೊಣವನ್ನು ಬಿಟ್ಟು ಬರೆದ ಚರಿತ್ರೆಯು ಪೂರ್ಣವೆಂದು ನಾನು ಒಪ್ಪಲಾರೆ.

ಇಟಲಿಯ ರೊಂಡಾನಿ ಎಂಬ ಕೀಟಶಾಸ್ತ್ರಜ್ಞನು 1856ರಲ್ಲಿ ಅಥೆರಿಗೋನಾ ಕುಲವನ್ನು ಸ್ಥಾಪಿಸಿ, 1871ರಲ್ಲಿ ಜೋಳದ ಈ ಸುಳಿನೊಣಕ್ಕೆ ಸೊಕ್ಕಾಟ ಎಂಬ ಹೆಸರನ್ನಿತ್ತನು. ಉಷ್ಣವಲಯದಲ್ಲೇ ವಿಶೇಷವಾಗಿ ಹಬ್ಬಿರುವ ಈ ಕುಲದ ಪ್ರಭೇದಗಳು ಇನ್ನೂರಕ್ಕೂ ಮಿಕ್ಕು. ರೂಪದಲ್ಲಿ ಅವು ಪರಸ್ಪರ ಎಷ್ಟು ಸದೃಶವೆಂದರೆ, ಗಂಡುನೊಣದ ಉದರಾಗ್ರದಲ್ಲಿರುವ ಮೂರೆಸಳಿನ ಅಂಗವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಯೇ ಪ್ರಭೇದವನ್ನು ನಿಶ್ಚಯಿಸಬೇಕಾಗುತ್ತದೆ. ಆಹಾರದಲ್ಲಿ ಮಾತ್ರ ಭೇದವು ಸ್ಫುಟವಾಗಿದೆ: ಸಜ್ಜೆಗೆ ಅಪ್ರಾಕ್ಸಿಮಾಟ, ನವಣೆಗೆ ಅಟ್ರಿಪಾಲ್ಪಿಸ್, ಸಾವೆಗೂ ಬರಗಿಗೂ ಪುಲ್ಲಾ, ಭತ್ತಕ್ಕೆ ಒರೈಜೆ. ಒರಿಯೆಂಟಾಲಿಸ್ ಎಂಬುದೊಂದು ಕೊಳೆತ ಹಣ್ಣುಕಾಯಿಗಳನ್ನು ಆಶ್ರಯಿಸಿ, ಮೆಣಸಿನಕಾಯಿಯನ್ನೂ ಬಿಡದು. ನಮ್ಮ ಪೂರ್ವಿಕರು ಉಂಡ ಧಾನ್ಯಗಳ ವೈವಿಧ್ಯವೇ ಈ ನೊಣಗಳಲ್ಲಿಯೂ ಪ್ರತಿಫಲಿಸಿದೆ.

ಮೊಳೆತು ವಾರ ಕಳೆದ ಜೋಳದ ಸಸಿಯ ಎಲೆಯನ್ನು ತಿರುವಿದರೆ, ನಡುನರಕ್ಕೆ ಸಮಾನಾಂತರವಾಗಿ ಅಂಟಿಕೊಂಡ ಒಂದೇ ಒಂದು ಬಿಳಿಯ ನೀಳ ತತ್ತಿಯನ್ನು ಕಾಣಬಹುದು. ಅದರಿಂದ ಹೊರಟ ಮರಿಹುಳು ಸುಳಿಯೊಳಗಿಳಿದು, ಬೆಳೆಯುವ ತುದಿಯನ್ನೇ ಕತ್ತರಿಸಿ, ಕೊಳೆತ ಭಾಗವನ್ನುಂಡು ಬೆಳೆಯುತ್ತದೆ. ಒಣಗಿದ ಸುಳಿಯನ್ನು ಎಳೆದರೆ ಸಲೀಸಾಗಿ ಕೈಗೆ ಬರುವುದಲ್ಲದೆ ದುರ್ಗಂಧವನ್ನೂ ಬೀರುತ್ತದೆ.

ಸುಮಾರು ಮೂರು ವಾರಕ್ಕೊಂದು ತಲೆಮಾರು ತೀರುವ ಈ ನೊಣವು ಬೇಸಗೆ ಕಳೆದು ಮೊದಲ ಮಳೆ ಬೀಳುವಾಗ ವಿರಳವಾಗಿದ್ದು, ಮಳೆಗಾಲ ಮುಂದುವರಿದಂತೆ ಅಸಂಖ್ಯವಾಗುತ್ತದೆಯಾದುದರಿಂದ, ಊರಿನವರೆಲ್ಲ ಒಂದೇ ಹದಕ್ಕೆ ಕೂರಿಗೆ ಹೂಡಿದ ಹೊಲಗಳು ಉಳಿದು, ಹಿಂದೆ ಬಿದ್ದವನ ಹೊಲವೇ ಅದಕ್ಕೆ ತುತ್ತಾಗುವುದು. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳವೆಂಬ ಗಾದೆಯಲ್ಲಿ ಮಳೆಯ ಮಾತಷ್ಟೇ ಕೇಳಿಸುತ್ತದೆ. ಅದರಂತೆ ನಡೆದವನ ಬೆಳೆಯನ್ನು ಮಾತ್ರ ನೊಣದಿಂದಲೂ ಅದು ಕಾಯುತ್ತಿತ್ತು.

1964ರಲ್ಲಿ ಬಿಡುಗಡೆಯಾದ ದೇಶದ ಪ್ರಥಮ ಸಂಕರ ಜೋಳ ಸಿ.ಎಸ್.ಎಚ್.-1, ಗಿಡ್ಡನೆಯ ದಂಟು, ಅಧಿಕ ಇಳುವರಿಗಳಿಂದ ರೈತರನ್ನು ಆಕರ್ಷಿಸಿತಾದರೂ, ಅಮೆರಿಕದ ತಾಯಿತಳಿಯಿಂದ ಬಂದ ಆ ಪೈರಿಗೆ ಸುಳಿನೊಣದ ಪರಿಚಯವೇ ಇರಲಿಲ್ಲ. ಹಿಂಗಾರಿಯ ಮಾಲದಂಡಿ ಜೋಳಕ್ಕೋ ಸಸಿಯಾಗಿದ್ದಾಗಿನ ಹೊಳಪೆಲೆ ಒಂದಿಷ್ಟು ರಕ್ಷೆಯಾಗಿತ್ತು.

ಇಂದು ಈ ಸೀಮೆಯ ಬಹುಪಾಲು ಜೋಳದ ಹೊಲಗಳನ್ನು ಗೋವಿನಜೋಳ ಆಕ್ರಮಿಸಿದೆ. ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಾವೆ ನವಣೆಗಳ ತಳಿಗಳ ಮೇಲಿನ ಕಾರ್ಯ ನಡೆದುಬಂದಿರುವುದು ಸಂತೋಷದ ಸಂಗತಿ. ತಡವಾಗಿ ಬಿತ್ತಿದ ಸಾವೆಯಲ್ಲಿ ಪುಲ್ಲಾ ನೊಣವು ಈಗಲೂ ಸುಳಿಯನ್ನು ಒಣಗಿಸುತ್ತದೆ.